ಚೆನ್ನಯಣ್ಣ ಹೊರಗೆ ಕಳಿಸಿದ ಮನುಷ್ಯ

ಸೋಮವಾರ ಬೆಳಿಗ್ಗೆ ಚೆನ್ನಯಣ್ಣ ಹೋಟೆಲಿನ ಒಳಗೆ ಕಾಲಿಟ್ಟದ್ದೇ ತಡ, ಅಡುಗೆಯವರಿಂದ ಹಿಡಿದು ಪಾತ್ರೆ ತೊಳೆಯುವವರ ತನಕ ಎಲ್ಲರೂ ಚಪ್ಪಾಳೆ ತಟ್ಟಿದರು. ದೋಸೆ ಹುಯ್ಯುವ ಅಂಗಾರನಂತೂ ಕಾವಲಿಯ ಮೇಲೆ ಮೂರು ದೋಸೆ ಬಿಟ್ಟು ಬಂದು ಕೈ ಕುಲುಕಿದ. ಹಿಂದಿನ ದಿನ ಸಂಜೆ ಪರೇಲಿನ ಮೈದಾನದಲ್ಲಿ ಅರುಣೋದಯ ಕ್ಲಬ್ಬಿನ ಹುಡುಗಿಯರು ಫೈನಲ್ ಗೆದ್ದಿದ್ದರು. ಅರ್ಧ ಆಟ ಮುಗಿಯುವಾಗ ಎರಡು ಗೋಲು ಹಿಂದೆ ಇದ್ದವರು, ಆಟ ಮುಗಿಯುವಾಗ ಮೂರು ಹೊಡೆದು ಗೆದ್ದಿದ್ದರು. ಗೆದ್ದದ್ದು ಹುಡುಗಿಯರು, ಚಪ್ಪಾಳೆ ಚೆನ್ನಯಣ್ಣನಿಗೆ. ಯಾಕೆಂದರೆ ರಾತ್ರಿ ಬೆಳಗಾಗುವುದರೊಳಗೆ ಪರೇಲಿನ ತುಂಬ ಒಂದೇ ಸುದ್ದಿ: ಮೈದಾನದಲ್ಲಿ ಒಬ್ಬ ಪನೌತಿ ಬಂದು ನಿಂತಿದ್ದನಂತೆ, ಚೆನ್ನಯಣ್ಣ ಅವನನ್ನು ಹಿಡಿದು ಹೊರಗೆ ಕಳಿಸಿದ ಮೇಲೆಯೇ ಗೋಲು ಬೀಳಲು ಶುರುವಾಯಿತಂತೆ.

ಪನೌತಿ ಎಂದರೆ ಏನೆಂದು ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿನವರಿಗೆ ಹೇಳುವುದಾದರೆ, ಕಾಲಿಟ್ಟ ಕಡೆಯೆಲ್ಲ ಕೆಟ್ಟದ್ದು ಮಾಡುವ ಮನುಷ್ಯ. ನೋಡಿದರೆ ಕೆಲಸ ಕೆಡುತ್ತದೆ, ಬಂದರೆ ಆಟ ಸೋಲುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಬಡಪಾಯಿ ಕಾಗೆಗೆ ಇಡುವ ಹೆಸರು ಅದು.

ಚೆನ್ನಯಣ್ಣ ಚಪ್ಪಾಳೆಗೆ ನಗಲಿಲ್ಲ. ದುಡ್ಡಿನ ಗಲ್ಲೆಯ ಹಿಂದೆ ಹೋಗಿ ಕೂತ. ಚಾ ತಂದಿಟ್ಟರು, ಅದು ಕೆನೆ ಕಟ್ಟಿತು. ಬಂದ ಗಿರಾಕಿಗಳೆಲ್ಲ ಬೆನ್ನು ತಟ್ಟಿ ಹೋಗುವವರೇ. ಒಂದೊಂದು ಸಲ ಬೆನ್ನು ತಟ್ಟಿಸಿಕೊಳ್ಳುವಾಗಲೂ ಅವನಿಗೆ ಎದ್ದು ನಿಂತು ಹೇಳಬೇಕು ಅನಿಸಿತು: ನಾನು ಕಳಿಸಿದ್ದು ಪನೌತಿಯನ್ನಲ್ಲ, ಗೆಲ್ಲುವ ಗೋಲು ಹೊಡೆದ ಹುಡುಗಿಯ ಅಪ್ಪನನ್ನು. ಹೇಳಲಿಲ್ಲ. ಬಿಸಿತುಪ್ಪದ ಹಾಗೆ ಬಾಯಲ್ಲಿಟ್ಟುಕೊಂಡು ಕೂತ, ನುಂಗಲೂ ಆಗದು, ಉಗುಳಲೂ ಆಗದು.

ಚೆನ್ನಯಣ್ಣ ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಕೇಳಿದ ಮೇಲೆ ನೀವು ನಂಬಲಿಕ್ಕಿಲ್ಲ. ಮೂಲ್ಕಿಯ ಕಡೆಯಿಂದ ಹದಿನಾಲ್ಕು ವರ್ಷಕ್ಕೆ ಮುಂಬಯಿಗೆ ಬಂದವನು. ಇದೇ ಹೋಟೆಲಿನಲ್ಲಿ ಟೇಬಲ್ ಒರೆಸಿದ, ಪಾತ್ರೆ ತೊಳೆದ, ತಟ್ಟೆ ಹೊತ್ತ, ಕನ್ನಡ ರಾತ್ರಿಶಾಲೆಯಲ್ಲಿ ಹತ್ತನೆಯ ತನಕ ಓದಿದ, ಈಗ ಐವತ್ನಾಲ್ಕರಲ್ಲಿ ಮ್ಯಾನೇಜರ್. ಹೋಟೆಲಿನವರಿಗೆ ಮಧ್ಯಾಹ್ನ ಮೂರರಿಂದ ಐದರ ತನಕ ಸ್ವಲ್ಪ ಬಿಡುವು. ಬೇರೆಯವರು ಆ ಹೊತ್ತಿಗೆ ಮೂಟೆಗಳ ಮೇಲೆ ಮಲಗಿದರೆ, ಚೆನ್ನಯ ಮಾತ್ರ ಬರಿಗಾಲಲ್ಲಿ ಮೈದಾನಕ್ಕೆ ಓಡುತ್ತಿದ್ದ. ಗಿರಣಿ ಕೆಲಸಗಾರರ ಮಕ್ಕಳ ಜೊತೆ ಸೇರಿ ಫುಟ್ಬಾಲ್ ಕಲಿತ. ಚೆನ್ನಾಗಿಯೇ ಆಡುತ್ತಿದ್ದನಂತೆ. ಇಪ್ಪತ್ತಮೂರಕ್ಕೆ ಮೊಣಕಾಲು ತಿರುಚಿತು, ಆಟ ಮುಗಿಯಿತು. ಕಾಲು ಹೋದರೂ ಹುಚ್ಚು ಹೋಗಲಿಲ್ಲ. ಅಂದಿನಿಂದ ಅರುಣೋದಯ ಕ್ಲಬ್ಬಿನ ಒಂದು ಪಂದ್ಯವನ್ನೂ ಬಿಟ್ಟವನಲ್ಲ. ಹೆಂಡತಿ ಪ್ರಫುಲ್ಲಾ ಹೇಳುವುದುಂಟು, ನಮ್ಮ ಮದುವೆಯ ದಿನ ಆಟ ಇರಲಿಲ್ಲ, ಅದಕ್ಕೇ ಮದುವೆ ಆಯಿತು ಎಂದು.

ಈ ಫುಟ್ಬಾಲ್ ಹುಚ್ಚಿನವರಿಗೆ ಆಟಕ್ಕಿಂತ ಜಾಸ್ತಿ ಮಡಿಮೈಲಿಗೆ. ಒಬ್ಬ ಗೆದ್ದ ದಿನದ ಅಂಗಿಯನ್ನು ಒಗೆಯುವುದಿಲ್ಲ. ಇನ್ನೊಬ್ಬ ಪೆನಾಲ್ಟಿ ಹೊಡೆಯುವಾಗ ಮೈದಾನಕ್ಕೆ ಬೆನ್ನು ಹಾಕುತ್ತಾನೆ. ಅರುಣೋದಯದವರ ದೊಡ್ಡ ನಿಯಮವೆಂದರೆ, ತಮ್ಮವರು ಗೋಲು ಹೊಡೆದಾಗ ಯಾರು ಎಲ್ಲಿದ್ದರೋ ಆಟ ಮುಗಿಯುವ ತನಕ ಅಲ್ಲಿಯೇ ಇರಬೇಕು. ನಿಂತವರು ನಿಂತೇ ಇರಬೇಕು, ಕೂತವರು ಕೂತೇ ಇರಬೇಕು. ಚಾ ತರಲು ಹೋದವನು ಚಾದ ಅಂಗಡಿಯಲ್ಲೇ ಉಳಿಯಬೇಕು. ಈ ನಿಯಮ ಮಾಡಿದ್ದು ಯಾರೆಂದು ಕೇಳಿದರೆ ಎಲ್ಲರೂ ಚೆನ್ನಯಣ್ಣನ ಕಡೆಗೇ ಬೆರಳು ತೋರಿಸುತ್ತಾರೆ.

ಧರ್ಮಣ್ಣ ಅವನಿಗೆ ಪರಿಚಯವಾದದ್ದು ಆರು ವರ್ಷದ ಹಿಂದೆ. ಹೋಟೆಲಿನ ಅಡುಗೆಕೋಣೆಗೆ ಟೈಲ್ಸ್ ಹಾಕಲು ಬಂದಿದ್ದ. ಜೇವರ್ಗಿ ಕಡೆಯವನು, ಹೆಂಡತಿ ಮಲ್ಲಕ್ಕನೂ ಅವನ ಜೊತೆ ಕೆಲಸಕ್ಕೆ ಬರುತ್ತಿದ್ದಳು. ಮಗಳು ಶೀತಲ್ ಆಗ ಹತ್ತು ವರ್ಷದವಳು. ಶಾಲೆ ಬಿಟ್ಟ ಮೇಲೆ ಹೋಟೆಲಿನ ಹಿಂದಿನ ಓಣಿಯಲ್ಲಿ ತೆಂಗಿನಕಾಯಿ ಚಿಪ್ಪನ್ನು ಒದೆಯುತ್ತ ಕೂಗಾಡುತ್ತಿದ್ದಳು. ಚಿಪ್ಪು ಗೋಡೆಗೆ ಬಡಿದು ವಾಪಸು ಬರುವ ಮೊದಲೇ ಅದು ಎಲ್ಲಿಗೆ ಬರುತ್ತದೆಂದು ಹುಡುಗಿಗೆ ಗೊತ್ತಿರುತ್ತಿತ್ತು. ಚೆನ್ನಯಣ್ಣ ಗಲ್ಲೆ ಬಿಟ್ಟು ಎದ್ದು ಬಂದು ನೋಡಿದ. ಮರುದಿನ ಚೆಂಡು ತಂದುಕೊಟ್ಟ. ತಿಂಗಳ ಮೇಲೆ ಕ್ಲಬ್ಬಿಗೆ ಸೇರಿಸಬೇಕೆಂದ.

ಮಲ್ಲಕ್ಕ ಒಪ್ಪಲಿಲ್ಲ. ಹೆಣ್ಣುಹುಡುಗಿ ಚಡ್ಡಿ ಹಾಕಿಕೊಂಡು ಓಡುವುದೇ ಎಂದಳು. ಚೆನ್ನಯಣ್ಣ ಮೂರು ವಾರ ಅವರ ಖೋಲಿಗೆ ತಿರುಗಿದ. ಕೊನೆಗೆ ಧರ್ಮಣ್ಣನೇ ಹೆಂಡತಿಗೆ ಹೇಳಿದ, ಅಣ್ಣಾರು ಹೇಳ್ಯಾರಂದ್ರ ಮುಗೀತು. ಅಂದಿನಿಂದ ಧರ್ಮಣ್ಣನಿಗೆ ಚೆನ್ನಯಣ್ಣನ ಮಾತೆಂದರೆ ವೇದವಾಕ್ಯ. ಬಿದ್ದರೆ ಯಾವ ಡಾಕ್ಟರು, ಆಟದ ದಿನ ಏನು ತಿನ್ನಬೇಕು, ಎಲ್ಲಕ್ಕೂ ಅಣ್ಣಾರನ್ನು ಕೇಳುವುದು. ಈ ನಂಬಿಕೆಯೇ ಈಗ ಚೆನ್ನಯಣ್ಣನ ಎದೆಯ ಮೇಲೆ ಕೂತದ್ದು. ನಂಬದವನಿಗೆ ಮೋಸ ಮಾಡಿದ್ದರೆ ಇಷ್ಟು ಸುಡುತ್ತಿರಲಿಲ್ಲ.

ಅಪ್ಪನಿಗೆ ಮಗಳ ಆಟ ನೋಡಲು ಸಿಗುತ್ತಿದ್ದುದೇ ಅಪರೂಪ. ಭಾನುವಾರವೂ ಕೆಲಸ. ಈ ವರ್ಷ ಲೀಗಿನಲ್ಲಿ ಎರಡೇ ಸಲ ಬಂದಿದ್ದ, ಎರಡು ಸಲವೂ ತಂಡ ಸೋತಿತ್ತು. ಎರಡನೆಯ ಸಲ ಅಮೋಲ್ ಎಂಬ ಪಡ್ಡೆ, ಢೋಲು ಬಡಿಯುವ ಗುಂಪಿನವನು, ಧರ್ಮಣ್ಣನಿಗೆ ಕೇಳುವಂತೆಯೇ ಪನೌತಿ ಆಲಾ, ಬಂದ ನೋಡಿ ಎಂದು ನಕ್ಕಿದ್ದ. ಆಗ ಅವನನ್ನು ಕರೆದು ಗದರಿಸಿದವನು ಬೇರೆ ಯಾರೂ ಅಲ್ಲ, ಚೆನ್ನಯಣ್ಣನೇ. ಒಬ್ಬ ಅಪ್ಪನಿಗೆ ಹಾಗೆ ಹೇಳಿದರೆ ನಾಲಗೆಗೆ ಹುಳ ಬೀಳುತ್ತದೆ ಎಂದಿದ್ದ. ಹುಳ ಬಿದ್ದದ್ದು ಯಾರ ನಾಲಗೆಗೆ ಎಂದು ಈಗ ನೋಡಿ.

ಫೈನಲ್ ದಿನ ಚೆನ್ನಯಣ್ಣನಿಗೆ ಮೊದಲ ಸಲ ಮುಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿತ್ತು. ಹೋಟೆಲಿನ ಧಣಿ ಸುಹಾಸ ಶೆಟ್ಟರು ಈ ವರ್ಷ ತಂಡಕ್ಕೆ ಜೆರ್ಸಿ ಕೊಟ್ಟಿದ್ದರು, ಶಾಮಿಯಾನದ ಕೆಳಗೆ ಅವರ ಪಕ್ಕದಲ್ಲೇ ಇವನ ಜಾಗ. ಎದೆಯ ಮೇಲೆ ರಿಬ್ಬನ್ನಿನ ಬಿಲ್ಲೆ. ಮೂವತ್ತು ವರ್ಷ ಹಗ್ಗದ ಆಚೆ ಬಿಸಿಲಲ್ಲಿ ನಿಂತವನಿಗೆ ಅದು ಸಣ್ಣ ಸಂಗತಿಯಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಶೆಟ್ಟರಿಗೂ ಅವರ ಮನೆಯವರಿಗೂ ಆಟ ವಿವರಿಸುತ್ತ ಕೂತಿದ್ದ. ಹತ್ತನೆಯ ನಿಮಿಷಕ್ಕೆ ಎದುರಿನವರು ಒಂದು ಗೋಲು ಹೊಡೆದರು.

ಅದಾದ ಸ್ವಲ್ಪ ಹೊತ್ತಿಗೆ ಧರ್ಮಣ್ಣ ಬಂದ. ಸೈಟಿನಿಂದ ನೇರ ಬಂದಿದ್ದ. ತಲೆಗೂದಲಿನ ತುಂಬ ಸಿಮೆಂಟು, ಅಂಗಿಯ ತೋಳು ಹರಿದಿತ್ತು, ಕಾಲಲ್ಲಿ ಒಂದೊಂದು ಬಣ್ಣದ ಚಪ್ಪಲಿ. ಹಗ್ಗ ದಾಟಿ ಶಾಮಿಯಾನಕ್ಕೇ ಬಂದು ಚೆನ್ನಯಣ್ಣನ ಕುರ್ಚಿಯ ಹಿಂದೆ ನಿಂತು ಅವನ ಹೆಗಲ ಮೇಲೆ ಕೈಯಿಟ್ಟ. ಬಿಳಿ ಅಂಗಿಯ ಮೇಲೆ ಐದು ಬೆರಳು ಮೂಡಿದವು. ಆಮೇಲೆ ಮೈದಾನಕ್ಕೆ ಮುಖ ಮಾಡಿ, ಇಡೀ ಪರೇಲಿಗೆ ಕೇಳುವ ಹಾಗೆ, ಹೊಡಿ ಮಗಳ ಹೊಡಿ ಎಂದು ಕೂಗತೊಡಗಿದ. ಶೆಟ್ಟರ ಹೆಂಡತಿ ಕುರ್ಚಿ ಸ್ವಲ್ಪ ಆಚೆ ಎಳೆದುಕೊಂಡರು. ಅಷ್ಟರಲ್ಲೇ ಎರಡನೆಯ ಗೋಲು ಬಿತ್ತು.

ಶೆಟ್ಟರು ಬಾಗಿ ಮೆಲ್ಲಗೆ ಕೇಳಿದರು, ಯಾರು ಚೆನ್ನಯಣ್ಣ ಇವನು, ನಿಮ್ಮ ಪರಿಚಯದವನಾ.

ಶೀತಲ್‌ನ ಅಪ್ಪ ಎಂದು ಹೇಳಲು ಎಷ್ಟು ಹೊತ್ತು ಬೇಕು? ಎರಡು ಮಾತು. ಆದರೆ ಚೆನ್ನಯಣ್ಣನ ಬಾಯಿಂದ ಬಂದದ್ದು ಬೇರೆ.

"ಅಲ್ಲ ಧಣಿ. ಇಲ್ಲೇ ಬಿಲ್ಡಿಂಗ್ ಕೆಲಸದವನು ಯಾರೋ."

ಹೇಳಿದ ಮೇಲೆ ಇನ್ನು ಅವನು ಅಲ್ಲಿ ನಿಲ್ಲುವ ಹಾಗಿಲ್ಲ, ನಿಂತರೆ ಅಣ್ಣಾರ ಎಂದು ಕರೆದೇ ಕರೆಯುತ್ತಾನೆ. ಅರ್ಧ ಆಟದ ಸೀಟಿ ಊದಿದ ಕೂಡಲೇ ಚೆನ್ನಯಣ್ಣ ಎದ್ದು ಧರ್ಮಣ್ಣನ ತೋಳು ಹಿಡಿದು ಬದಿಗೆ ಕರೆದುಕೊಂಡು ಹೋದ. ಏನು ಹೇಳುವುದು? ನಿನ್ನ ಬಟ್ಟೆ ಚೆನ್ನಾಗಿಲ್ಲ ಎನ್ನುವುದಾ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹುಡುಕಿದ, ನಾಲಗೆಯ ತುದಿಯಲ್ಲೇ ಸಿಕ್ಕಿತು.

"ನೋಡು ಮಾರಾಯ, ಬೇಜಾರು ಮಾಡಬೇಡ. ನೀನು ಬಂದಾಗೆಲ್ಲ ಸೋಲೇ. ಹುಡುಗರು ಪನೌತಿ ಅಂತಾರೆ. ನಾನು ನಂಬುವುದಿಲ್ಲ, ಆದರೂ ಫೈನಲ್ ಅಲ್ವಾ. ಸ್ವಲ್ಪ ಗೇಟಿನ ಹೊರಗೆ ನಿಲ್ತೀಯಾ?"

ಧರ್ಮಣ್ಣ ಒಂದು ಗಳಿಗೆ ಅವನ ಮುಖ ನೋಡಿದ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ಅವನು ಹೆದರಿದ; ಪಡ್ಡೆ ನಕ್ಕದ್ದು ಬೇರೆ, ಅಣ್ಣಾರೇ ಹೇಳುವುದು ಬೇರೆ. ತನ್ನಿಂದ ಮಗಳಿಗೆ ಇಷ್ಟು ದೊಡ್ಡ ಕೇಡಾಗುತ್ತಿದೆ ಎಂದು ಗೊತ್ತೇ ಇರಲಿಲ್ಲ ಎಂಬ ಹಾಗೆ ಎರಡು ಹೆಜ್ಜೆ ಹಿಂದೆ ಸರಿದ.

"ಮೊದ್ಲ ಹೇಳಬಾರದೇನ್ರಿ ಅಣ್ಣಾರ," ಎಂದ. ಬಗ್ಗಿ ಹಗ್ಗ ದಾಟಿ, ಯಾರ ಮುಖವನ್ನೂ ನೋಡದೆ, ಬೇಗಬೇಗ ಗೇಟಿನ ಕಡೆ ಹೋದ. ಇದನ್ನೆಲ್ಲ ಅಮೋಲ್ ನೋಡುತ್ತಿದ್ದ. ಚೆನ್ನಯಣ್ಣನಿಗೆ ಹೆಬ್ಬೆರಳು ಎತ್ತಿ ತೋರಿಸಿದ.

ಆಮೇಲಿನದನ್ನು ಪರೇಲಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಎರಡನೆಯ ಅರ್ಧದ ಸೀಟಿ ಊದಿ ಐದು ನಿಮಿಷವಾಗಿಲ್ಲ, ಮೂಲೆಯಿಂದ ಬಂದ ಚೆಂಡಿಗೆ ಒಬ್ಬಳು ತಲೆ ಕೊಟ್ಟಳು, ಒಂದು ಗೋಲು. ಜನ ಹುಚ್ಚೆದ್ದರು. ಚೆನ್ನಯಣ್ಣನಿಗೆ ಮಾತ್ರ ಗೇಟಿನ ಹೊರಗೆ ನಿಂತವನು ನೆನಪಾದ. ಧರ್ಮಣ್ಣನನ್ನು ಕರೆಯಬೇಕು ಅನಿಸಿತು. ಕುರ್ಚಿ ಬಿಟ್ಟು ನಾಲ್ಕು ಹೆಜ್ಜೆ ಹೋಗಿಯೂ ಹೋದ. ಅಮೋಲ್ ಓಡಿ ಬಂದು ಅಡ್ಡ ನಿಂತ. ಕುಠೇ ಚಾಲ್ಲಾ ಕಾಕಾ, ಎಲ್ಲಿಗೆ ಹೊರಟಿರಿ, ನೀವೇ ಮಾಡಿದ ನಿಯಮ, ಯಾರೂ ಜಾಗ ಬಿಡುವ ಹಾಗಿಲ್ಲ, ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಎಲ್ಲರೂ ನಕ್ಕರು. ಚೆನ್ನಯಣ್ಣನೂ ನಕ್ಕು ವಾಪಸು ಬಂದು ಕೂತ.

ಅವನನ್ನು ತಿನ್ನುವುದು ಇದೇ. ಮೊದಲನೆಯದು ಬಾಯಿತಪ್ಪಿ ಆದ ತಪ್ಪು ಎನ್ನಬಹುದು. ಎರಡನೆಯದು ಬಾಯಿತಪ್ಪಿದ್ದಲ್ಲ. ಮೂವತ್ತು ಹೆಜ್ಜೆ ಆಚೆ ಒಬ್ಬ ಅಪ್ಪ ನಿಂತಿದ್ದಾನೆ, ಕರೆದರೆ ಬರುತ್ತಾನೆ, ಬಂದರೆ ಅಕಸ್ಮಾತ್ ಸೋತರೆ ಎಂದು ಲೆಕ್ಕ ಹಾಕಿಯೇ ಇವನು ಕೂತದ್ದು. ನಂಬುವುದಿಲ್ಲ ಎಂದವನು ಆ ಅರ್ಧ ಗಂಟೆ ನಂಬಿದ್ದ.

ಎರಡನೆಯ ಗೋಲೂ ಬಿತ್ತು. ಇನ್ನು ಎರಡು ನಿಮಿಷ ಉಳಿದಿರುವಾಗ ಶೀತಲ್ ಮಧ್ಯದಿಂದ ಚೆಂಡು ತೆಗೆದುಕೊಂಡು ಹೊರಟಳು. ಒಬ್ಬಳನ್ನು ತಪ್ಪಿಸಿದಳು, ಇಬ್ಬರನ್ನು ತಪ್ಪಿಸಿದಳು, ಮೂರನೆಯವಳು ಕಾಲು ಕೊಟ್ಟಾಗ ಮುಗ್ಗರಿಸಿ, ಬೀಳದೆ ಸಾವರಿಸಿಕೊಂಡು, ಎಡಗಾಲಿನಿಂದ ಹೊಡೆದಳು. ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಯಿತು. ಹೊಡೆದವಳು ಗೆಳತಿಯರ ಕಡೆ ಓಡಲಿಲ್ಲ. ಜನರ ಕಡೆ ತಿರುಗಿ ಯಾರನ್ನೋ ಹುಡುಕಿದಳು. ಅಷ್ಟರಲ್ಲಿ ಉಳಿದವರೆಲ್ಲ ಅವಳ ಮೇಲೆ ಬಿದ್ದರು.

ಆಟ ಮುಗಿದ ಮೇಲೆ ಚೆನ್ನಯಣ್ಣ ಗೇಟಿಗೆ ಓಡಿದ. ಹೊರಗೆ ಕಬ್ಬಿನ ಹಾಲಿನ ಗಾಡಿಯ ಪಕ್ಕದಲ್ಲಿ ಧರ್ಮಣ್ಣ ಗೋಡೆಗೆ ಕಿವಿಕೊಟ್ಟು ನಿಂತಿದ್ದ. ಗುಲ್ಲು ಕೇಳಿಸುತ್ತಿತ್ತಂತೆ, ಯಾರು ಹೊಡೆದದ್ದೆಂದು ತಿಳಿಯುತ್ತಿರಲಿಲ್ಲ. ಕಬ್ಬಿನವನನ್ನು ಕೇಳಿದರೆ ಅವನಿಗೂ ಗೊತ್ತಿಲ್ಲ. ಮೂರನೆಯ ಸಲ ಗುಲ್ಲಾದಾಗ ಎದುರಿನವರೇ ಹೊಡೆದರೆಂದು ತಿಳಿದು ಕಣ್ಣಲ್ಲಿ ನೀರು ಹಾಕಿಕೊಂಡಿದ್ದ. ಗೆದ್ದೆವು ಎಂದು ಚೆನ್ನಯಣ್ಣ ಹೇಳಿದಾಗ ಅವನ ಕೈಗಳೆರಡನ್ನೂ ಹಿಡಿದುಕೊಂಡ. ನಿನ್ನ ಮಗಳದೇ ಕೊನೆಯ ಗೋಲು ಎಂದಾಗ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಕೂತಲ್ಲಿಂದಲೇ ತಲೆ ಎತ್ತಿ ಕೇಳಿದ.

"ಹೆಂಗ ಹೊಡದ್ಳು ಹೇಳ್ರಿ ಅಣ್ಣಾರ. ಯಾವ ಕಾಲ್ಲೆ ಹೊಡದ್ಳು, ಎಲ್ಲಿಂದ ಹೊಡದ್ಳು, ಎಲ್ಲಾ ಹೇಳ್ರಿ. ನೋಡಿದ್ಯಾ ಪಪ್ಪಾ ಅಂತ ಕೇಳ್ತಾಳ ಆಕಿ."

ಚೆನ್ನಯಣ್ಣ ಹೇಳಿದ. ಒಬ್ಬಳನ್ನು ತಪ್ಪಿಸಿದ್ದು, ಇಬ್ಬರನ್ನು ತಪ್ಪಿಸಿದ್ದು, ಮುಗ್ಗರಿಸಿದ್ದು, ಎಡಗಾಲು, ಕಂಬ. ಶಾಲೆಯ ಹುಡುಗ ಪಾಠ ಒಪ್ಪಿಸುವ ಹಾಗೆ ಧರ್ಮಣ್ಣ ತುಟಿ ಅಲ್ಲಾಡಿಸುತ್ತ ಕೇಳಿದ. ಎರಡು ಸಲ ಹೇಳಿಸಿಕೊಂಡ.

ಆ ವಾರವೆಲ್ಲ ಚೆನ್ನಯಣ್ಣನಿಗೆ ಅನ್ನ ಸೇರಲಿಲ್ಲ. ಮುಖ ಯಾಕೆ ಗಂಟು ಹಾಕಿದ್ದೀರಿ, ಗೆದ್ದದ್ದು ತಪ್ಪಾಯಿತಾ ಎಂದು ಪ್ರಫುಲ್ಲಾ ಬೆನ್ನುಬಿದ್ದಾಗ ಅವಳಿಗೊಬ್ಬಳಿಗೆ ಎಲ್ಲವನ್ನೂ ಹೇಳಿದ. ಅವಳು ಕೇಳುತ್ತಲೇ ಪಾತ್ರೆ ತೊಳೆದಳು. ಆಮೇಲೆ, ಪಾತ್ರೆ ತೊಳೆದು ಮೇಲೆ ಬಂದವರು ನೀವು, ನಿಮಗೇ ಸಿಮೆಂಟು ಅಸಹ್ಯವಾಯಿತಾ ಎಂದಳು. ಇಷ್ಟೇ. ಚೆನ್ನಯಣ್ಣ ಆ ದಿನ ಊಟ ಬಿಟ್ಟೇ ಎದ್ದ.

ಗುರುವಾರ ಮಧ್ಯಾಹ್ನ ಶೀತಲ್ ಹೋಟೆಲಿಗೆ ಬಂದಳು. ಶಹರದ ಚಾಂಪಿಯನ್ನರಾದ ಅರುಣೋದಯದವರಿಗೂ ಉಪನಗರದ ಚಾಂಪಿಯನ್ನರಿಗೂ ಎರಡು ಪಂದ್ಯ ಗೊತ್ತಾಗಿತ್ತು, ಈ ಭಾನುವಾರ ಅಂಧೇರಿಯಲ್ಲಿ, ಮುಂದಿನ ಭಾನುವಾರ ಪರೇಲಿನಲ್ಲಿ. ಅದಾದ ಮೇಲೆ ಶೀತಲ್ ಪುಣೆಗೆ, ಆಟದ ಹಾಸ್ಟೆಲಿಗೆ. ಅಲ್ಲಿಂದ ಮುಂದೆ ಅವಳ ಆಟ ಯಾವ ಊರಲ್ಲೋ ಏನೋ, ಸೈಟ್ ಬಿಟ್ಟು ಅಪ್ಪ ಅಲ್ಲಿಗೆಲ್ಲ ಹೋಗುವುದುಂಟೆ. ಹುಡುಗಿ ನಿಂತೇ ಮಾತಾಡಿದಳು, ಅರ್ಧ ಕನ್ನಡ, ಅರ್ಧ ಹಿಂದಿ.

"ಪಪ್ಪಾ ಬರಂಗಿಲ್ಲಂತ ಅಂಕಲ್. ಕಾಮ್ ಅದ ಅಂತಾನ. ಝೂಟ್ ಅದು, ಈ ಸಂಡೇಕ್ಕ ಸೈಟ್ ಬಂದ್ ಅದ. ಫೈನಲ್ ನೋಡಿ ಎಷ್ಟು ಖುಷ್ ಆಗಿದ್ದ, ನನ್ನ ಗೋಲ್ ಎಲ್ಲಾರಿಗೆ ಆಕ್ಟಿಂಗ್ ಮಾಡಿ ತೋರಿಸ್ತಾನ. ಈಗ ಯಾಕ ಬರಂಗಿಲ್ಲ? ನೀವು ಹೇಳಿದ್ರ ಕೇಳ್ತಾನ."

ಚೆನ್ನಯಣ್ಣ ಹೇಳುತ್ತೇನೆ ಎಂದ. ಅವಳು ಅಷ್ಟಕ್ಕೇ ನಿಶ್ಚಿಂತೆಯಿಂದ ಹೋದಳು. ಅಂಕಲ್ ಹೇಳಿದರೆ ಮುಗಿಯಿತು.

ಮರುದಿನ ದಾದರ್ ಹತ್ತಿರದ ಸೈಟಿಗೆ ಹೋದ. ಊಟದ ಹೊತ್ತು. ಧರ್ಮಣ್ಣ ಟೈಲ್ಸಿನ ಪೆಟ್ಟಿಗೆಯ ಮೇಲೆ ಕೂತು ರೊಟ್ಟಿ ಬಿಚ್ಚುತ್ತಿದ್ದವನು ಎದ್ದು, ಪೆಟ್ಟಿಗೆ ಒರೆಸಿ, ಇವನನ್ನು ಕೂರಿಸಿದ. ಚೆನ್ನಯಣ್ಣ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ಹೇಳಿದ. ಪನೌತಿ ಗಿನೌತಿ ಏನೂ ಇಲ್ಲ, ನೀನು ಬರುವ ಮೊದಲೇ ಒಂದು ಗೋಲು ಬಿದ್ದಾಗಿತ್ತು, ನಾನು ಅಂದದ್ದು ಬರೀ ಸುಳ್ಳು, ಏನೋ ತಮಾಷೆಗೆ ಹೇಳಿದೆ. ತಮಾಷೆಗೆ ಎಂದ, ನೋಡಿ. ಯಾಕೆ ಹೇಳಿದೆ ಎಂಬುದು ಗಂಟಲಿನ ತನಕ ಬಂತು, ಆ ಮನುಷ್ಯ ಮುರಿದ ರೊಟ್ಟಿಯ ಅರ್ಧವನ್ನು ಇವನ ಮುಂದೆ ಹಿಡಿದಾಗ ವಾಪಸು ಹೋಯಿತು.

ಧರ್ಮಣ್ಣ ಎಲ್ಲ ಕೇಳಿದ. ಬೇಜಾರಿಲ್ಲ, ಸಿಟ್ಟಿಲ್ಲ.

"ನೀವು ಸುಳ್ಳ ಹೇಳಿರಬಹುದ್ರಿ ಅಣ್ಣಾರ. ಗೋಲು ಸುಳ್ಳಲ್ಲಲ್ರಿ. ಮೂರೂ ನಾ ಹೊರಗ ಹೋದ ಮ್ಯಾಲೇ ಬಿದ್ದಾವ. ದೇವ್ರು ನಿಮ್ಮ ಬಾಯಿಲೆ ನುಡಿಸ್ಯಾನ. ಆಕಿಗೆ ನಾ ಏನ್ ಕೊಟ್ಟೀನ್ರಿ? ಕಾಲಾಗಿನ ಬೂಟು ಸೈತ ನೀವೇ ಕೊಡ್ಸಿದ್ದು. ದೂರ ಇರೂದೊಂದು ನನ್ನ ಕೈಲೆ ಆಗ್ತದ. ಅದನ್ನರ ಕೊಡ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ರಾತ್ರಿಶಾಲೆಯಲ್ಲಿ ಕಂಠಪಾಠ ಮಾಡಿಸಿದ್ದರು. ಮುತ್ತು ಒಡೆದವನು ತಾನು, ಚೂರು ಎದೆಗಿಟ್ಟುಕೊಂಡವನು ಧರ್ಮಣ್ಣ. ಚೆನ್ನಯಣ್ಣ ಆ ಅರ್ಧ ರೊಟ್ಟಿಯನ್ನು ನೀರು ಕುಡಿಯುತ್ತ ಹೇಗೋ ನುಂಗಿ ಎದ್ದು ಬಂದ. ಶೀತಲ್‌ಗೆ ಫೋನ್ ಮಾಡಿ, ನೋಡೋಣ, ಬರಬಹುದು ಎಂದ. ಅದೂ ಒಂದು ಸುಳ್ಳು.

ಭಾನುವಾರ ಅಂಧೇರಿ. ಪರೇಲಿನಿಂದ ಒಂದು ಟೆಂಪೊ ತುಂಬ ಜನ, ಢೋಲು, ಬಾವುಟ. ಸುಹಾಸ ಶೆಟ್ಟರು ಕಾರಿನಲ್ಲಿ ಬಂದಿದ್ದರು, ಪಕ್ಕದ ಕುರ್ಚಿ ಚೆನ್ನಯಣ್ಣನಿಗೇ ಎಂದು ಹಿಡಿದಿಟ್ಟಿದ್ದರು. ಅವನು ಮೊಣಕಾಲು ನೋವಿನ ನೆಪ ಹೇಳಿ ಮೂಲೆಯಲ್ಲಿ ಮೆಟ್ಟಿಲಿನ ಮೇಲೆ ಕೂತ. ಹುಡುಗಿಯರು ಮೈದಾನಕ್ಕೆ ಬಂದರು. ಶೀತಲ್ ಸಾಲಿನಲ್ಲಿ ನಿಂತು ಜನರ ಕಡೆ ಕಣ್ಣು ಹಾಯಿಸಿದಳು, ಈ ತುದಿಯಿಂದ ಆ ತುದಿಗೆ. ಇವನನ್ನು ಕಂಡಳು, ಇವನ ಅಕ್ಕಪಕ್ಕ ನೋಡಿದಳು. ಚೆನ್ನಯಣ್ಣ ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ತಲೆ ತಗ್ಗಿಸಿದ.

ಆಟ ಶುರುವಾದ ಮೇಲೆ ಅವನಿಗೆ ಒಂದು ವಿಚಿತ್ರ ಹೊಳೆಯಿತು. ಇವತ್ತು ಗೆದ್ದರೆ ಧರ್ಮಣ್ಣ ಇನ್ನು ಜನ್ಮದಲ್ಲಿ ಮೈದಾನಕ್ಕೆ ಕಾಲಿಡುವುದಿಲ್ಲ. ಅವನು ಬರಬೇಕಾದರೆ ಇವತ್ತು ಸೋಲಬೇಕು. ಮೂವತ್ತು ವರ್ಷದಲ್ಲಿ ಚೆನ್ನಯಣ್ಣ ಅರುಣೋದಯಕ್ಕಾಗಿ ಹೊತ್ತ ಹರಕೆಗಳಿಗೆ ಮಿತಿಯಿಲ್ಲ, ಊರಿನ ದೈವಗಳಿಂದ ಹಿಡಿದು ಮಾಹಿಮಿನ ಚರ್ಚಿನ ಮೇಣದಬತ್ತಿಯ ತನಕ. ಅಂಥವನು ಅಂದು ಕಣ್ಣು ಮುಚ್ಚಿ, ಸ್ವಾಮಿ, ಒಂದು ಸಲ ಸೋಲಿಸು ಎಂದು ಬೇಡಿದ. ಬೇಡುವಾಗಲೂ ನಾಚಿಕೆಯಾಯಿತು. ಮಕ್ಕಳು ಅಲ್ಲಿ ಬೆವರು ಸುರಿಸುತ್ತಿದ್ದಾರೆ, ತನ್ನ ಪಾಪ ತೊಳೆಯಲು ಅವರು ಸೋಲಬೇಕೇ.

ದೇವರು ಕೇಳಲಿಲ್ಲ. ಶೀತಲ್ ಅಂದು ಎರಡು ಗೋಲು ಹೊಡೆದಳು, ಎದುರಿನವರಿಗೆ ಒಂದೂ ಇಲ್ಲ. ಎರಡನೆಯದು ಬಿದ್ದಾಗ ಇಡೀ ಮೆಟ್ಟಿಲ ಸಾಲು ಎದ್ದು ಕುಣಿಯಿತು. ಚೆನ್ನಯಣ್ಣ ಏಳಲಿಲ್ಲ.

ಆಟ ಮುಗಿದು ಅವಳಿಗೆ ಆ ದಿನದ ಉತ್ತಮ ಆಟಗಾರ್ತಿ ಎಂದು ಪದಕ ಹಾಕಿದರು. ಅಮೋಲ್‌ನ ಗುಂಪು ಢೋಲು ಶುರುಮಾಡಿತು. ಅವಳು ಗುಂಪಿನಿಂದ ತಪ್ಪಿಸಿಕೊಂಡು ನೇರ ಮೆಟ್ಟಿಲ ಹತ್ತಿರ ಬಂದಳು. ಉಸಿರು ಏರಿಳಿಯುತ್ತಿತ್ತು, ಪಪ್ಪಾ ಬರ್ಲಿಲ್ಲ ಅಲ್ಲಾ ಎಂದಳು.

ಇಷ್ಟು ದಿನ ಗಂಟಲಲ್ಲಿದ್ದದ್ದು ಆಗ ಹೊರಗೆ ಬಂತು. ಎದುರಿಗಿರುವುದು ಹದಿನಾರರ ಹುಡುಗಿ, ಅವಳಿಗೆ ಹೇಳುವುದು ಸರಿಯೋ ತಪ್ಪೋ ಎಂದು ಅವನು ಯೋಚಿಸಲಿಲ್ಲ.

"ನಿನ್ನ ಅಪ್ಪ ಫೈನಲ್ ನೋಡಲಿಲ್ಲ ಮಗಾ. ನಾನೇ ಹೊರಗೆ ಕಳಿಸಿದೆ. ನೀನು ಪನೌತಿ, ನೀನಿದ್ದರೆ ಮಗಳು ಸೋಲ್ತಾಳೆ ಅಂತ ಹೇಳಿದೆ. ಅವನು ನಂಬಿದ. ಅದಕ್ಕೇ ಇವತ್ತು ಬರಲಿಲ್ಲ."

ಹಾಗಾದರೆ ಅಪ್ಪ ತನ್ನ ಗೋಲನ್ನು ಆಡಿ ತೋರಿಸಿದ್ದು ಹೇಗೆ ಎಂದು ಶೀತಲ್ ಕೇಳಿದಳು. ನಾನು ಹೇಳಿಕೊಟ್ಟೆ ಎಂದ. ಅವಳು ಕೈಬೆರಳಿನಿಂದ ಪದಕದ ರಿಬ್ಬನ್ನನ್ನು ಸುತ್ತುತ್ತ ನಿಂತಳು.

"ಯಾಕ ಅಂಕಲ್?"

"ಶೆಟ್ಟರ ಎದುರಿಗೆ ಅವನ ಬಟ್ಟೆ ನೋಡಿ ನನಗೆ ನಾಚಿಕೆಯಾಯಿತು."

ಅವಳು ಬೈಯಲಿಲ್ಲ. ಬೈದಿದ್ದರೆ ಅಥವಾ ಅತ್ತಿದ್ದರೆ ಚೆನ್ನಯಣ್ಣ ಕಾಲಿಗಾದರೂ ಬೀಳುತ್ತಿದ್ದ. ಅವಳು ಇವನ ಮುಖವನ್ನು, ಮೊದಲ ಸಲ ನೋಡುವವಳ ಹಾಗೆ, ಸರಿಯಾಗಿ ನೋಡಿದಳು. ಆಮೇಲೆ ಪದಕವನ್ನು ಕತ್ತಿನಿಂದ ತೆಗೆದಳು. ಇದು ನಿಮ್ಮ ಹತ್ರ ಇಡ್ರಿ, ಮನಿಗೆ ಒಯ್ಯಂಗಿಲ್ಲ ಎಂದು ಅವನ ಕೈಗೆ ಹಾಕಿದಳು. ಕೋಚಿನ ಚೀಲದಿಂದ ತನ್ನ ಫೋನು ತೆಗೆದು, ಗೋಡೆಯ ಬದಿಗೆ ಹೋಗಿ, ಢೋಲಿನ ಕಡೆಗೆ ಬೆನ್ನು ಮಾಡಿ ನಿಂತು, ಒಂದು ಕಿವಿ ಮುಚ್ಚಿಕೊಂಡಳು.

"ಪಪ್ಪಾ," ಎಂದಳು. "ಸೋತ್ವಿ."

ಆ ಕಡೆಯಿಂದ ಏನು ಬಂತೋ ಕೇಳಿಸಲಿಲ್ಲ.

"ಹ್ಞೂ, ಸೋತ್ವಿ. ನೀ ಬರ್ಲಿಲ್ಲ, ಅದಕ್ಕೇ ಸೋತ್ವಿ. ನನಗ ಆಡ್ಲಿಕ್ಕೇ ಆಗ್ಲಿಲ್ಲ. ಬರೂ ಸಂಡೇ ಪರೇಲ್‌ದಾಗ ಅದ. ನೀ ಬಾ ಪಪ್ಪಾ. ನೀ ಬಂದ್ರ ಗೆಲ್ತೀನಿ."

ಹಿಂದೆ ಢೋಲು ಜೋರಾಯಿತು. ಅಮೋಲ್‌ನ ಗುಂಪು ಗೆದ್ದೆವು ಗೆದ್ದೆವು ಎಂದು ಕೂಗುತ್ತ ಈ ಕಡೆಗೇ ಬರುತ್ತಿತ್ತು. ಶೀತಲ್ ಫೋನನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು, ಗಾಬರಿಯಿಂದ ಚೆನ್ನಯಣ್ಣನ ಕಡೆ ತಿರುಗಿದಳು. ಅವನು ಪದಕವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಕೆಟ್ಟ ಮೊಣಕಾಲನ್ನು ಎಳೆಯುತ್ತ, ಕುಣಿಯುತ್ತಿರುವ ಜನರ ಕಡೆ ಓಡಿದ. ಬಾಯಿ ಮುಚ್ಚಿ, ನಿಲ್ಲಿಸಿ, ಯಾರೂ ಕೂಗಬೇಡಿ ಎಂದು ಎರಡೂ ಕೈ ಅಡ್ಡ ಹಿಡಿದ. ಗೆದ್ದ ದಿನ ಈ ಮುದುಕನಿಗೆ ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ.